ಫ್ಯಾನಿನ ಬಟ್ಟಲಲ್ಲಿ ಗುಬ್ಬಿಯ ಬಾಣಂತನ ಮುಗಿಯುವವರೆಗೆ

ಸಂಖ್ಯೆ: ಹಕ್ಕಿ/ಗುರುತು/ಫ್ಯಾನು/2
ಹಕ್ಕಿ ಗಣತಿ ಕಚೇರಿ, ಹುಬ್ಬಳ್ಳಿ-ಧಾರವಾಡ ಶಾಖೆ

ವಿಷಯ: ಸಂರಕ್ಷಣೆ ಬೇಕಾದ ಸ್ಥಳೀಯ ಹಕ್ಕಿಗಳನ್ನು ಗುರುತಿಸುವ ಹಾಗೂ ತತ್ಸಂಬಂಧ ಕಚೇರಿಯ ಫ್ಯಾನು ಬಂದ್ ಇಡುವ ಬಗ್ಗೆ.

ಉಲ್ಲೇಖ: ಹಿಂದಿನ ಸುತ್ತೋಲೆ (ಸದರಿ ಪ್ರತಿಯನ್ನು ಹರಿದು ಗೂಡಿಗೆ ಹಾಸಲಾಗಿದ್ದು, ಪರಿಶೀಲನೆಗೆ ಲಭ್ಯವಿರುವುದಿಲ್ಲ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಗಣತಿದಾರ ಶ್ರೀ ಮಾಲತೇಶ ಅವರ ತಂಡವನ್ನು ಅಮರಗೋಳ, ಗಬ್ಬೂರ ಹಾಗೂ ಗರಗಕ್ಕೆ ಒಂದೊಂದು ದಿನ ನಸುಕಿನಲ್ಲೇ ಕಳುಹಿಸಲಾಗಿತ್ತು. ಮೂರೂ ಕಡೆ ಊರವರು ತಂಡವನ್ನು ಮನೆಯೊಳಗೆ ಕರೆದು, ಚಹಾ, ಗಿರ್ಮಿಟ್, ಮಿರ್ಚಿ ಕೊಟ್ಟು, “ಊಟಾ ಮಾಡ್ಕೊಂಡ ಹೋಗ್ರಿ, ಹಕ್ಕಿ ಎಲ್ಲಿ ಹೊಕ್ಕಾವು?” ಎಂದು ಕೂರಿಸಿಕೊಂಡಿದ್ದರಿಂದ ಗಣತಿಯನ್ನು ನಡುಮಧ್ಯಾಹ್ನ ಆರಂಭಿಸಲಾಯಿತು. ಆ ಹೊತ್ತಿಗೆ ಹಕ್ಕಿಗಳೂ ತಂಡದವರೂ ನೆರಳು ಹಿಡಿದಿದ್ದು, ಗುಬ್ಬಿಗಳು ‘ಇಲ್ಲ’ ಎಂದು ದಾಖಲಿಸಲಾಗಿದೆ.

ಸದರಿ ವರದಿಯನ್ನು ಓದುತ್ತಿರುವಾಗ ಅದರ ಮೇಲೆ ಹುಲ್ಲುಕಡ್ಡಿಯೊಂದು ಬಿದ್ದಿತು. ಮೇಲೆ ನೋಡಲಾಗಿ, ಶಾಖೆಯ ಏಕೈಕ ಫ್ಯಾನಿನ, ಸೂರಿಗೆ ತಾಗಿದ ಬಟ್ಟಲಲ್ಲಿ ಗುಬ್ಬಿ ಗೂಡು ಕಟ್ಟಿ ಮರಿ ಮಾಡಿರುವುದು ಕಂಡುಬಂದಿದೆ. ದಾಖಲೆಯಂತೆ ಗುಬ್ಬಿಗಳೇ ಇಲ್ಲವಾದ್ದರಿಂದ ಫ್ಯಾನು ಹಾಕಲು ಅಡ್ಡಿಯಿಲ್ಲವೆಂದು ಕೆಳಸಹಿದಾರರು ಗುಂಡಿಗೆ ಕೈ ಹಾಕಿದಾಗ, ಪ್ರಥಮ ದರ್ಜೆ ಸಹಾಯಕಿ ಅಖ್ತರಬೇಗಂ ಅವರು, “ಬಾಣಂತಿ ಇರೋ ಮನ್ಯಾಗ ಯಾರರ ಫ್ಯಾನ್ ಹಾಕ್ತಾರೇನ್ರಿ ಸಾಹೇಬ್ರ?” ಎಂದು ಆಕ್ಷೇಪಣೆ ಸಲ್ಲಿಸಿದರು. ಆಕ್ಷೇಪಣೆಯನ್ನು ಪುರಸ್ಕರಿಸಲಾಗಿದೆ. ಗುಬ್ಬಿಗೆ ಸಂರಕ್ಷಣೆ ಬೇಕಿದೆ ಎಂದೂ, ಅದು ಮುಖ್ಯವಾಗಿ ಈ ಕಚೇರಿಯಿಂದಲೇ ಬೇಕಿದೆ ಎಂದೂ ಗುರುತಿಸಲಾಗಿದೆ.

ಆದ್ದರಿಂದ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

1. ಮರಿಗಳು ಹಾರುವವರೆಗೆ ಫ್ಯಾನು ಹಾಕತಕ್ಕದ್ದಲ್ಲ. ಗುಂಡಿಯ ಕಡೆ ಆಸೆಯಿಂದ ನೋಡುವುದನ್ನೂ ಪ್ರಯತ್ನವೆಂದೇ ಪರಿಗಣಿಸಲಾಗುವುದು.

2. ಸೆಕೆಯಾದವರು ಬಾಕಿ ಕಡತಗಳಿಂದ ಗಾಳಿ ಬೀಸಿಕೊಳ್ಳಬಹುದು. ಬೇರೆ ಬಗೆಯ ಕಡತಗಳು ಶಾಖೆಯಲ್ಲಿ ಇರುವುದಿಲ್ಲ.

3. ಸೀನು ಬಂದವರು ಲಿಖಿತ ಅನುಮತಿ ಪಡೆದು ಹೊರಗೆ ಹೋಗಿ ಸೀನತಕ್ಕದ್ದು.

4. ಕೂಸು ನೋಡಲು ಬರುವ ಸಾರ್ವಜನಿಕರು ಬರಿಗೈಯಲ್ಲಿ ಬರತಕ್ಕದ್ದಲ್ಲ. ಒಂದು ಹಿಡಿ ನವಣೆ ತರುವುದು. ಮರಿಗಳು ಅಪ್ಪನಂತಿವೆಯೋ ಅವ್ವನಂತಿವೆಯೋ ಎಂಬ ಚರ್ಚೆಯನ್ನು ಬಾಣಂತಿಯ ಎದುರು ನಿಷೇಧಿಸಲಾಗಿದೆ.

5. ಮೇಲಿನಿಂದ ಹಿಕ್ಕೆ ಬಿದ್ದ ಅರ್ಜಿಗಳನ್ನು ಸ್ವೀಕೃತಿ ಮೊಹರು ಬಿದ್ದ ಅರ್ಜಿಗಳೆಂದು ಭಾವಿಸಿ ಮುಂದಿನ ಕ್ರಮ ಜರುಗಿಸುವುದು.

6. ಮರಿಗಳು ಹಾರಿದ ಕೂಡಲೇ ಫ್ಯಾನು ಹಾಕತಕ್ಕದ್ದಲ್ಲ. ಈ ಭಾಗದಲ್ಲಿ “ಬರ್ತೇವ್ರಿ” ಎಂದು ಎದ್ದವರು ಬಾಗಿಲಲ್ಲಿ ಇನ್ನೊಂದು ತಾಸು ನಿಂತು ಮಾತಾಡುವ ಪದ್ಧತಿಯಿದ್ದು, ಮರಿಗಳೂ ಇದೇ ಊರಿನವಾಗಿರುತ್ತವೆ. ಅವು ಹೋದರೆ ಕೆಳಸಹಿದಾರರಿಗೆ ಬೇಸರವಾಗುವುದೆಂಬುದನ್ನೂ ದಾಖಲಿಸಲಾಗಿದೆ.

ಸಹಿ/- (ಬೆವರು ಬಿದ್ದು ಅಳಿಸಿದೆ)
ಕುಬೇರಪ್ಪ
ಶಾಖಾಧಿಕಾರಿ

ಪ್ರತಿಗಳು:
ಶ್ರೀ ಮಾಲತೇಶ, ಗಣತಿದಾರರು: ಮರುಗಣತಿಗಾಗಿ. ಮನೆಯಲ್ಲಿ ಉಂಡೇ ಹೊರಡತಕ್ಕದ್ದು.
ಕಚೇರಿಯ ಬೆಕ್ಕು: ಕಟ್ಟುನಿಟ್ಟಿನ ಪಾಲನೆಗಾಗಿ.
ಗುಬ್ಬಿ ದಂಪತಿ, ಫ್ಯಾನಿನ ಬಟ್ಟಲು: ಮಾಹಿತಿಗಾಗಿ. ಹಾಸಲು ಸಾಲದಿದ್ದಲ್ಲಿ ಹೆಚ್ಚುವರಿ ಪ್ರತಿ ಒದಗಿಸಲಾಗುವುದು.