ಉಷ್ಣ ಆದ ಕಂಪ್ಯೂಟರುಗಳು

ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಮನುಷ್ಯರೇ ಹ್ಯಾಂಗ್ ಆಗುತ್ತಾರೆ, ಇನ್ನು ಕಂಪ್ಯೂಟರಿನ ಪಾಡು ಕೇಳಬೇಕೆ? ಬಿಡಿಭಾಗ ತರಿಸಿ, ಗಿರಾಕಿಗೆ ಬೇಕಾದಂತೆ ಕಂಪ್ಯೂಟರ್ ಜೋಡಿಸಿ ಕೊಡುವುದು, ಕೆಟ್ಟರೆ ಹೋಗಿ ನೋಡುವುದು ನನ್ನ ಕೆಲಸ. ಜೋಡಿಸುವುದೇನೋ ಬೇಗ ಮುಗಿಯುತ್ತದೆ. ಆಮೇಲಿನ ಮಾತುಕತೆಗೆ ಮಾತ್ರ ಕೊನೆಯಿಲ್ಲ.

ನೀರಿನ ಕೂಲರ್

ನಮ್ಮ ಓಣಿಯಲ್ಲಿ ಫ್ಲೆಕ್ಸ್ ಬ್ಯಾನರ್ ಡಿಸೈನ್ ಮಾಡುವ ಭಾಯಿಯೊಬ್ಬರಿದ್ದಾರೆ. ಅವರಿಗೆ ದೊಡ್ಡ ಪ್ರೊಸೆಸರ್ ಹಾಕಿ, ಅದು ಕಾಯಬಾರದೆಂದು ಲಿಕ್ವಿಡ್ ಕೂಲರ್ ಕೂಡಿಸಿ ಕೊಟ್ಟೆ. ಕೊಳವೆಯಲ್ಲಿ ನೀರು ಸುತ್ತಿ ಬಿಸಿಯನ್ನು ಹೊರಗೆ ಹಾಕುತ್ತದೆ ಎಂದು ತಿಳಿಸಿಯೂ ಹೇಳಿದ್ದೆ. ಮಾರನೆಯ ದಿನ ಫೋನ್ ಬಂತು.

"ಅಕ್ಕಾ, ನೀರು ಎಲ್ಲಿಂದ ಹಾಕ್ಬೇಕ್ರಿ? ಕೊಡ ಹಿಡ್ಕೊಂಡು ನಿಂತೀನಿ."

"ಮೊದ್ಲು ಕೊಡ ಕೆಳಗಿಡ್ರಿ ಭಾಯಿ. ಅದ್ರಾಗ ನೀರು ತುಂಬೇ ಬಂದಿರ್ತದ. ಹಾಕಂಗೂ ಇಲ್ಲ, ತೆಗಿಯಂಗೂ ಇಲ್ಲ."

"ಹಂಗಂದ್ರ ವರ್ಷಾನ್‌ಗಟ್ಲೆ ಅದೇ ನೀರೇನ್ರಿ?"

ಅವರ ಹೆಂಡತಿ ಆಶಾ ಕಾರ್ಯಕರ್ತೆ. ಡೆಂಗಿ ಬರಬಾರದೆಂದು ಮನೆಮನೆಯ ತೊಟ್ಟಿ, ಡ್ರಮ್ಮು ಇಣುಕಿ ನೋಡುವವರು. ಸಂಜೆ ನಾನು ಹೋದಾಗ ಆಕೆ ಟಾರ್ಚ್ ಹಿಡಿದು ಕಂಪ್ಯೂಟರ್ ಕ್ಯಾಬಿನೆಟ್ಟಿನ ಗಾಜಿನೊಳಗೆ ನೋಡುತ್ತ ಕೂತಿದ್ದರು. ಕೊಳವೆಯನ್ನು ಈ ತುದಿಯಿಂದ ಆ ತುದಿಯವರೆಗೆ ಪರೀಕ್ಷಿಸಿ ನನಗೆ ಹೇಳಿದರು: "ಇದ್ರಾಗ ಸೊಳ್ಳಿ ಆಗಂಗಿಲ್ಲ ಬಿಡ್ರಿ, ಬಾಯಿ ಮುಚ್ಕೊಂಡದ." ಆಮೇಲೆ ಗಂಡನ ಕಡೆ ನೋಡಿ, "ಈ ಮನ್ಯಾಗ ಬಾಯಿ ಮುಚ್ಕೊಂಡಿರೋದು ಇದೊಂದೇ" ಎಂದರು.

ಗಿರಣಿಯ ಕಂಪ್ಯೂಟರ್

ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ತೂಕದ ಚೀಟಿ ಕೊಡುವ ಕಂಪ್ಯೂಟರ್ ಮತ್ತೆ ಮತ್ತೆ ತಾನೇ ಬಂದ್ ಆಗುತ್ತಿತ್ತು. ಹೊರಗೆ ಭತ್ತದ ಲಾರಿಗಳು ಸಾಲುಗಟ್ಟಿದ್ದವು. ಬಿಚ್ಚಿ ನೋಡಿದರೆ ಪ್ರೊಸೆಸರಿನ ಫ್ಯಾನೇ ಕಾಣಲಿಲ್ಲ, ಅಷ್ಟು ತೌಡು ಕೂತಿತ್ತು. ಗಾಳಿ ಹೊಡೆದು ತೆಗೆಯೋಣವೆಂದು ಬ್ಲೋವರ್ ಎತ್ತಿಕೊಂಡೆ.

"ತಡೀರಿ" ಎಂದು ಮಾಲಕರು ಓಡಿಬಂದು ಕೆಳಗೆ ಪೇಪರ್ ಹಾಸಿದರು. "ಊದಬ್ಯಾಡ್ರಿ, ಬ್ರಷ್‌ಲೆ ಉದುರಸ್ರಿ. ಎಮ್ಮಿಗೆ ಆಗ್ತದ."

ಉದುರಿಸಿದೆ. ಕಂಪ್ಯೂಟರ್ ಚಾಲೂ ಆಯಿತು, ಲಾರಿಗಳು ಕದಲಿದವು. ಪೇಪರ್ ಮಡಚಿಕೊಳ್ಳುತ್ತ ಮಾಲಕರು ಕೇಳಿದರು: "ಮತ್ತ ಯಾವಾಗ ಬರ್ತೀರಿ? ಎಮ್ಮಿ ಕೇಳ್ತದ."

ಕಾರ್ಡು

ಪೋತ್ನಾಳದ ರೈತರೊಬ್ಬರ ಮಗಳು ಅನಿಮೇಶನ್ ಕಲಿಯುತ್ತಿದ್ದಾಳೆ. ಒಂದು ದಿನ ಆಕೆ ಕಾಲೇಜಿಗೆ ಹೋದಾಗ ತಂದೆ ಫೋನ್ ಮಾಡಿದರು. ಪರದೆ ಕಪ್ಪಾಗಿದೆ, ಮಗಳು ಅಳುತ್ತಲೇ ಹೋಗಿದ್ದಾಳೆ ಎಂದರು. "ಗ್ರಾಫಿಕ್ಸ್ ಕಾರ್ಡಿಂದು ತೊಂದ್ರಿ ಇರಬೇಕು, ತಗೊಂಡ್ ಬರ್ರಿ" ಎಂದೆ.

ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದರು. ಜೊತೆಗೊಂದು ಪ್ಲಾಸ್ಟಿಕ್ ಚೀಲ. ಅದರಿಂದ ಆಧಾರ್, ರೇಷನ್, ವೋಟಿನ ಕಾರ್ಡುಗಳನ್ನು ತೆಗೆದು ಟೇಬಲ್ಲಿನ ಮೇಲೆ ಹರವಿದರು.

"ನೀವಂದ ಕಾರ್ಡು ಇದ್ರಾಗ ಅದೇನು ನೋಡ್ರಿ. ಇಲ್ಲಂದ್ರ ಅರ್ಜಿ ಎಲ್ಲಿ ಕೊಡ್ಬೇಕು ಹೇಳ್ರಿ. ರೇಷನ್ ಕಾರ್ಡಿಗೆ ತಿರುಗೀನಿ, ಮಗಳ ಸಲುವಾಗಿ ಇದಕ್ಕೂ ತಿರುಗ್ತೀನಿ."

ನಗಲು ಮನಸ್ಸು ಬರಲಿಲ್ಲ. ಬಿಚ್ಚಿ ನೋಡಿದೆ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಕೂತ ಜಾಗದಲ್ಲಿ ಸ್ವಲ್ಪ ಸಡಿಲಾಗಿತ್ತು. ಒತ್ತಿ ಕೂಡಿಸಿದೆ, ಪರದೆ ಬೆಳಗಿತು. ಅವರು ಹರವಿದ ಕಾರ್ಡುಗಳನ್ನು ಚೀಲಕ್ಕೆ ತುಂಬಿಕೊಂಡರು.

"ಇಷ್ಟು ಲಗೂ ಮಂಜೂರಾದ ಕಾರ್ಡ್ ಇದೊಂದೇ ನೋಡ್ರಿ."

ದೇವದುರ್ಗದ ಮದ್ದು

ದೇವದುರ್ಗದಲ್ಲಿ ಮದುವೆ ವಿಡಿಯೋ ಮಾಡುವ ಒಬ್ಬರು ಮನೆಯ ಮುಂದಿನ ಕೋಣೆಯಲ್ಲೇ ಸ್ಟುಡಿಯೋ ಇಟ್ಟಿದ್ದಾರೆ. ಅವತ್ತು ಸಂಜೆ ಮದುಮಗಳ ಕಡೆಯವರು ವಿಡಿಯೋ ನೋಡಲು ಬರುವವರಿದ್ದರು. ಬೆಳಿಗ್ಗೆಯಿಂದ ಕಂಪ್ಯೂಟರ್ ಕಾದು ಕಾದು ಬಂದ್ ಆಗುತ್ತಿತ್ತು, ಫ್ಯಾನು ಕರಕರ ಅನ್ನುತ್ತಿತ್ತು. "ಭಾಳ ಉಷ್ಣ ಆಗ್ಯದ, ಹಂಗೇ ಬಿಡ್ರಿ, ನಾ ಬರ್ತೀನಿ" ಎಂದು ಫೋನಿನಲ್ಲಿ ಹೇಳಿದೆ. ಅವರು ಸ್ಪೀಕರ್ ಹಾಕಿದ್ದರು. ಅವರ ತಾಯಿ, ವಯಸ್ಸಾದ ಅಜ್ಜಿ, ಪಕ್ಕದಲ್ಲೇ ಕೂತಿದ್ದರು.

ಬಸ್‌ಸ್ಟ್ಯಾಂಡಿನಿಂದ ಅವರು ನನ್ನನ್ನು ಗಾಡಿಯಲ್ಲಿ ಕರೆದುಕೊಂಡು ಬಂದರು. ಒಳಗೆ ಕಾಲಿಟ್ಟರೆ ಘಮ್ಮನೆ ಹರಳೆಣ್ಣೆಯ ವಾಸನೆ. ಅಜ್ಜಿ ಕ್ಯಾಬಿನೆಟ್ಟಿನ ನೆತ್ತಿಯ ಜಾಲರಿ ಮೇಲೆ ಅಂಗೈಯಿಂದ ತಟತಟ ತಟ್ಟುತ್ತಿದ್ದರು.

ಮಗ ಓಡಿಹೋಗಿ ತಾಯಿಯ ಕೈ ಹಿಡಿದರು. "ಯವ್ವಾ, ಏನ್ ಮಾಡಿದಿ?"

"ನಿನಗ ಉಷ್ಣ ಆದಾಗ ಏನ್ ಮಾಡ್ತೀನಿ? ಅದೇ ಮಾಡೀನಿ."

ವಿದ್ಯುತ್ ತಂತಿ ಕಿತ್ತು, ಬಿಚ್ಚಿದೆ. ಎಣ್ಣೆ ಜಾಲರಿಯಿಂದ ಇಳಿದು ಕೆಳಗಿನ ಫ್ಯಾನಿಗೆ ಬಂದಿತ್ತು, ನಾಲ್ಕು ಹನಿ ಬೋರ್ಡಿನ ಅಂಚಿಗೂ ಬಿದ್ದಿತ್ತು. ಒರೆಸಿದೆ, ಧೂಳು ತೆಗೆದೆ, ಪ್ರೊಸೆಸರಿಗೆ ಬಿಸಿ ಎಳೆಯುವ ಹೊಸ ಪೇಸ್ಟ್ ಹಚ್ಚಿದೆ. ಎಣ್ಣೆಯಲ್ಲಿ ಕರೆಂಟ್ ಹರಿಯುವುದಿಲ್ಲ ಎಂದು ಗೊತ್ತಿದ್ದರೂ ಒಂದು ಹೆಜ್ಜೆ ಹಿಂದೆ ಸರಿದು, ಕೈ ಚಾಚಿ ಸ್ವಿಚ್ ಒತ್ತಿದೆ.

ಚಾಲೂ ಆಯಿತು. ಮದುವೆ ವಿಡಿಯೋ ಇದ್ದಂತೆಯೇ ಇತ್ತು. ಅಷ್ಟೇ ಅಲ್ಲ, ಫ್ಯಾನಿನ ಕರಕರ ಸದ್ದೂ ನಿಂತುಹೋಗಿತ್ತು. ಮಗ ನನ್ನ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಯಾರ ಮುಖವನ್ನೂ ನೋಡದೆ ಸೆರಗಿಗೆ ಕೈ ಒರೆಸಿಕೊಂಡರು.

ಹೊರಡುವಾಗ ಕೈ ಹಿಡಿದು ಕೇಳಿಕೊಂಡೆ. "ಯವ್ವಾ, ನಿಮ್ಮ ಎಣ್ಣಿ ಛಲೋನೇ ಅದ. ಆದ್ರ ಇನ್ನೊಮ್ಮಿ ಹಚ್ಚಬ್ಯಾಡ್ರಿ."

"ಹಚ್ಚಂಗಿಲ್ಲ ಬಿಡವ್ವ" ಎಂದರು ಅಜ್ಜಿ. "ಆದ್ರ ಒಮ್ಮಿ ಎಣ್ಣಿ ಹಚ್ಚಿದ ಮ್ಯಾಲ ಎರೀದೇ ಬಿಡಾಕ ಬರ್ತದೇನು? ಬಚ್ಚಲದಾಗ ಬಿಸಿನೀರು ಕಾಯಾಕ ಇಟ್ಟೀನಿ."