ಹಸಿರು ಚುಕ್ಕಿಯೂ ಅಮ್ಮಿಯ ಡಬ್ಬಿಯೂ

ನನ್ನ ಬಾಯಿಗೆ ಎರಡು ದೋಷಗಳಿವೆ. ಅದು ಸುಮ್ಮನಿರುವುದಿಲ್ಲ, ಮತ್ತು ತನ್ನೊಳಗೆ ಏನು ಹೋಗುತ್ತಿದೆ ಎಂದು ನೋಡುವುದಿಲ್ಲ. ಮೊದಲನೆಯದನ್ನು ಮೇಷ್ಟ್ರ ಕಸುಬಿನ ಗುಣ ಎಂದು ನೀವು ಮನ್ನಿಸಬಹುದು. ಎರಡನೆಯದಕ್ಕೆ ಮಾಫಿ ಇಲ್ಲ. ಯಾಕೆಂದರೆ ನಾನು ಹುಟ್ಟಿದ್ದು ಜಂಗಮರ ಮನೆಯಲ್ಲಿ, ಕೊರಳಲ್ಲಿ ಲಿಂಗವಿದೆ, ಪರಿಚಯದವರೆಲ್ಲ 'ಸ್ವಾಮೇರ' ಎಂದೇ ಕರೆಯುತ್ತಾರೆ. ನಮ್ಮವ್ವ ಪೇಢೆಯ ಮೇಲಿನ ಬೆಳ್ಳಿ ಹಾಳೆಯನ್ನು ಉಗುರಿನಿಂದ ಕೆರೆದು ತೆಗೆದು, "ಇದನ್ನ ಯಾವ ಪ್ರಾಣಿ ಚರ್ಮದಾಗ ಇಟ್ಟು ಬಡದು ತೆಳ್ಳಗ ಮಾಡ್ಯಾರೋ, ಯಾರು ಕಂಡಾರ" ಎಂದು ಗೊಣಗಿಯೇ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಹುಟ್ಟಿದ ನಾನು ಬೆಳ್ಳಿ ಹಾಳೆಯನ್ನಷ್ಟೇ ಅಲ್ಲ, ಪೇಢೆಗೆ ಅಂಟಿದ ಕಾಗದವನ್ನೂ ಎಷ್ಟೋ ಸಲ ತಿಂದಿದ್ದೇನೆ.

ಇರುವುದು ಬಳ್ಳಾರಿಯಲ್ಲಿ, ಕನ್ನಡ ಕಲಿಸುವುದು ಕುರುಗೋಡಿನ ಒಂದು ಹೈಸ್ಕೂಲಿನಲ್ಲಿ. ಒಂದು ಕಾಲಕ್ಕೆ ನನಗೆ ಗುಟ್ಕಾದ ಚಟವಿತ್ತು. ಹುಡುಗರಿಗೆ ವಚನದ ಅರ್ಥ ಹೇಳುವಾಗ ಮಧ್ಯೆ ಮಧ್ಯೆ ಕಿಟಕಿಗೆ ಹೋಗಿ ಉಗುಳಿ ಬರುವುದು ನನಗೇ ಅಸಹ್ಯವಾಗಿ, ಹೆಂಡತಿ ಕೈಮುಗಿದು ಬೇಡಿಕೊಂಡು, ಕೊನೆಗೂ ಬಿಟ್ಟೆ. ಬಿಟ್ಟ ಮೇಲೆ ದವಡೆಗೆ ಕೆಲಸವಿಲ್ಲದೆ ತಲೆ ಕೆಟ್ಟಂತಾಗಿ ಚ್ಯೂಯಿಂಗ್ ಗಮ್ಮಿಗೆ ಬಿದ್ದೆ. ಇದಾಗಿ ಒಂಬತ್ತು ವರ್ಷ. ದಿನಾ ಮಧ್ಯಾಹ್ನ ಊಟವಾದ ಮೇಲೆ ಸ್ಟಾಫ್ ರೂಮಿನಲ್ಲಿ ಎರಡು ಗಮ್ಮು ತೆಗೆಯುತ್ತೇನೆ. ಒಂದು ನನಗೆ, ಇನ್ನೊಂದು ಪಕ್ಕದ ಕುರ್ಚಿಯ ರಸೂಲ್ ಸಾರ್‌ಗೆ. ಅವರು ಸಿರುಗುಪ್ಪದವರು, ಗಣಿತದ ಮೇಷ್ಟ್ರು, ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ. ರಂಜಾನಿನ ತಿಂಗಳಲ್ಲಿ ಅವರ ಪಾಲಿನ ಗಮ್ಮನ್ನು ದಿನಾ ಡ್ರಾವರಿನಲ್ಲಿ ಎತ್ತಿಟ್ಟು, ಹಬ್ಬದ ಮರುದಿನ ಎಲ್ಲವನ್ನೂ ಒಟ್ಟಿಗೆ ಕೈಗೆ ಸುರಿದಿದ್ದೇನೆ. ಅಷ್ಟರ ಮಟ್ಟಿಗೆ ನಾನು ಧರ್ಮಸೂಕ್ಷ್ಮ ತಿಳಿದವನು ಎಂಬ ಹೆಮ್ಮೆ ನನಗಿತ್ತು.

ಗಮ್ಮಿನ ಜತೆ ಇನ್ನೊಂದಿದೆ. ರಸೂಲ್ ಸಾರ್ ತಾಯಿಯನ್ನು ನಾನೂ ಅವರಂತೆಯೇ 'ಅಮ್ಮಿ' ಎನ್ನುತ್ತೇನೆ. ಅಮ್ಮಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಸಿರುಗುಪ್ಪಕ್ಕೆ ಹೋದಾಗಲೆಲ್ಲ ಮೆತ್ತನೆಯ ಜೆಲ್ಲಿ ಮಿಠಾಯಿಯ ಪಾಕೀಟು ಒಯ್ಯುತ್ತೇನೆ. ಅವರು ಅದನ್ನು ಒಸಡಿನ ನಡುವೆ ಒತ್ತಿ ಕಣ್ಣು ಮುಚ್ಚಿ ಚೀಪುವುದನ್ನು ನೋಡಿದರೆ ನನ್ನ ಬಸ್ಸಿನ ದಣಿವು ಇಳಿದುಹೋಗುತ್ತದೆ. ನನಗಾಗಿ ಆ ಮನೆಯಲ್ಲಿ ಒಂದು ಹೊಸ ಪಾತ್ರೆ, ಒಂದು ತಟ್ಟೆ ಬೇರೆ ಇಟ್ಟಿದ್ದಾರೆ. ಉಪ್ಪಿಟ್ಟು, ಬಾಳೆಹಣ್ಣು, ಚಹಾ, ಯಾವುದಕ್ಕೂ ಕೊರತೆ ಮಾಡಿದವರಲ್ಲ.

ಹಾಗಿದ್ದರೂ ಆ ಮನೆಯ ಮೇಲೆ ನನಗೊಂದು ಸಣ್ಣ ಸಿಟ್ಟಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೂ ನಿಮ್ಮ ಮುಂದೆ ಮುಚ್ಚಿಡುವುದೇನು. ಅಮ್ಮಿಯ ಕಿರಿಮಗ ಸೌದಿಯಲ್ಲಿದ್ದಾನೆ. ಅವನು ಕಳಿಸುವ ಬಂಗಾರದ ಬಣ್ಣದ ಒಂದು ತಗಡಿನ ಡಬ್ಬಿ, ಅದರೊಳಗೆ ಬಣ್ಣಬಣ್ಣದ ಮಿಠಾಯಿ, ಯಾವಾಗಲೂ ಅವರ ಪಡಸಾಲೆಯ ಟೀಪಾಯಿ ಮೇಲಿರುತ್ತದೆ. ನಾನು ಹೊಸಿಲು ದಾಟಿ ಒಳಗೆ ಬಂದ ಕೂಡಲೇ ಅಮ್ಮಿ ಸೊಸೆಗೆ ಕಣ್ಣಲ್ಲೇ ಏನೋ ಹೇಳುತ್ತಾರೆ, ಡಬ್ಬಿ ಒಳಕೋಣೆಗೆ ಹೋಗುತ್ತದೆ. ಒಂದು ಸಲವಲ್ಲ, ಎರಡು ಸಲವಲ್ಲ, ಪ್ರತಿ ಸಲ. ಬಸ್ಸಿನಲ್ಲಿ ವಾಪಸು ಬರುವಾಗ ತೆಕ್ಕಲಕೋಟೆ ದಾಟುವವರೆಗೂ ನನಗೆ ಅದೇ ಕೊರೆತ. ಒಂಬತ್ತು ವರ್ಷದಿಂದ ಜೆಲ್ಲಿ ಹೊತ್ತುಕೊಂಡು ಬರುವವನಿಗೆ ಒಂದೇ ಒಂದು ಸೌದಿ ಮಿಠಾಯಿ ಕೊಡಲು ಇಷ್ಟು ಜಿಪುಣತನವೇ? ಹೆಂಡತಿಯ ಹತ್ತಿರವೂ ಹೇಳಿ ಬೈಸಿಕೊಂಡಿದ್ದೆ.

ಇಂಥ ದಿನಗಳಲ್ಲಿ ಒಂದು ಶುಕ್ರವಾರ ನಮ್ಮ ಡ್ರಾಯಿಂಗ್ ಮೇಷ್ಟ್ರು ಕೊಟ್ರೇಶ ಸ್ಟಾಫ್ ರೂಮಿನಲ್ಲಿ ಮೊಬೈಲು ಎತ್ತಿದರು. ಈ ಕೊಟ್ರೇಶರಿಗೆ ಬಂದ ಸಂದೇಶವನ್ನು ಗಟ್ಟಿಯಾಗಿ ಓದದಿದ್ದರೆ ಊಟ ಜೀರ್ಣವಾಗುವುದಿಲ್ಲ. ಬೆಳ್ಳುಳ್ಳಿಯಿಂದ ಬಕ್ಕತಲೆಯಲ್ಲಿ ಕೂದಲು ಬರುತ್ತದೆ ಎಂದು ಓದಿ ಹೆಡ್ಮಾಸ್ತರರ ಹತ್ತಿರ ಒಂದು ವಾರ ಯಾರೂ ಸುಳಿಯದ ಹಾಗೆ ಮಾಡಿದ ಪುಣ್ಯಾತ್ಮ ಅವರೇ.

"ಕೇಳ್ರಿಲ್ಲೆ! ಚ್ಯೂಯಿಂಗ್ ಗಮ್ಮು, ಜೆಲ್ಲಿ, ಮೆತ್ತನ ಚಾಕಲೇಟು, ಎಲ್ಲಾದ್ರಾಗೂ ಹಂದಿ ಕೊಬ್ಬು ಐತಂತ! ಪಾಕೀಟಿನ ಮ್ಯಾಲಿನ ಹಸಿರು ಚುಕ್ಕಿನೂ ನಂಬಬ್ಯಾಡ್ರಿ ಅಂತ ಬರದಾರ. ಹತ್ತು ಮಂದಿಗೆ ಕಳಸ್ರಿ ಅಂತನೂ ಹಾಕ್ಯಾರ."

ನನ್ನ ದವಡೆ ಅಲ್ಲೇ ನಿಂತಿತು. ಪಕ್ಕದ ಕುರ್ಚಿ ಖಾಲಿಯಿತ್ತು. ರಸೂಲ್ ಸಾರ್ ರಜೆ ಹಾಕಿದ್ದರು, ಯಾಕೆಂದರೆ ಮುಂದಿನ ಗುರುವಾರ ಅಮ್ಮಿ ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಡುವವರಿದ್ದರು. ಅದಕ್ಕೂ ಮುಂಚಿನ ಭಾನುವಾರ, ಅಂದರೆ ಇನ್ನೆರಡೇ ದಿನಕ್ಕೆ, ಅವರ ಮನೆಯಲ್ಲಿ ದಾವತ್ ಊಟ. ಮೆಕ್ಕಾಕ್ಕೆ ಹೋಗುವ ಮುಂಚೆ ನೆಂಟರು, ನೆರೆಯವರು, ಸ್ನೇಹಿತರು ಎಲ್ಲರನ್ನೂ ಕರೆದು, 'ನಾನು ಆಡಿದ್ದು ಮಾಡಿದ್ದು ಏನಾದರೂ ಇದ್ದರೆ ಮಾಫ್ ಮಾಡಿ' ಎಂದು ಕೇಳಿಕೊಂಡು, ಮನಸ್ಸು ತೊಳೆದುಕೊಂಡು ಹೊರಡುವುದು ಅವರಲ್ಲಿ ರೂಢಿ. ಮನಸ್ಸೇನೋ ತೊಳೆದುಕೊಳ್ಳಬಹುದು, ಹೊಟ್ಟೆಗೆ ಏನು ಮಾಡುವುದು? ಎಷ್ಟೋ ವರ್ಷ ದುಡ್ಡು ಕೂಡಿಟ್ಟು, ಮೊಣಕಾಲು ನೋವು ನುಂಗಿಕೊಂಡು ಕಾಬಾದ ಮುಂದೆ ನಿಲ್ಲಲು ಹೊರಟ ಆ ಮುದುಕಿಯ ಹೊಟ್ಟೆಗೆ ಒಂಬತ್ತು ವರ್ಷ ಹಂದಿ ಕೊಬ್ಬು ತಿನ್ನಿಸಿದ ಪಾಪಿ ನಾನು! ಮಗನಿಗೆ ದಿನಾ ಗಮ್ಮು, ತಾಯಿಗೆ ಜೆಲ್ಲಿ. ಶತ್ರುವಾದವನು ಕೂಡ ಇಷ್ಟು ಶ್ರದ್ಧೆಯಿಂದ ಮಾಡುತ್ತಿರಲಿಲ್ಲ.

ಲಿಂಗ ಕಟ್ಟಿಕೊಂಡ ನನ್ನ ಬಾಯಲ್ಲೂ ಅದೇ ಗಮ್ಮು ಇದೆ ಎಂಬುದು ಹೊಳೆದದ್ದು ಸುಮಾರು ಹತ್ತು ನಿಮಿಷದ ಮೇಲೆ. ಆಗ ಹೋಗಿ ಉಗುಳಿ ಬಂದೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವನೇ ಪ್ರಯೋಗಶಾಲೆಯ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಬಳ್ಳಾರಿಯ ನಮ್ಮ ಮಾಮೂಲಿ ಅಂಗಡಿಗೆ ಹೋದೆ. ಗಮ್ಮನ್ನು ಅವನು ಗಾಜಿನ ಜಾಡಿಯಿಂದ ಬಿಡಿಬಿಡಿಯಾಗಿ ಕೊಡುತ್ತಾನೆ. ಜಾಡಿಯ ಮೇಲಿನ ಚೀಟಿ ಹರಿದು ಅರ್ಧ ಉಳಿದಿತ್ತು. ಗಮ್ಮಿನ ಕಾಗದದ ಮೇಲಿನ ಅಕ್ಷರಗಳೋ, ಇರುವೆಯ ಮರಿ ಓದಲೆಂದು ಮಾಡಿಸಿದವು. ಭೂತಗನ್ನಡಿ ಹಿಡಿದು, ಒಂದು ಕಣ್ಣು ಮುಚ್ಚಿ, 'ಗಮ್ ಬೇಸ್' ಎಂಬಲ್ಲಿಗೆ ಬಂದೆ. ಅದರ ಮುಂದೆ ಒಂದಿಷ್ಟು ಅಂಕಿ. ಕನ್ನಡ ಮೇಷ್ಟ್ರಿಗೆ ಅಂಕಿ ಕಂಡರೆ ಮೊದಲೇ ಎದೆ ನಡುಗುತ್ತದೆ, ಅದರಲ್ಲಿ ಹಂದಿ ಎಲ್ಲಿ ಅಡಗಿದೆ ಎಂದು ಹೇಗೆ ಹುಡುಕಲಿ?

ಅಂಗಡಿಯವನು ಗಾಬರಿಯಾದ. "ಏಮಿ ಸಾರ್, ಫುಡ್ಡು ಇನ್‌ಸ್ಪೆಕ್ಟರ್ ಕೆಲಸ ಯಾವಾಗ ಸಿಕ್ತು ನಿಮಗ?"

"ಇದರಾಗ ಏನೇನು ಹಾಕ್ತಾರಪ್ಪ?"

"ಅಗಿಯೋರು ಯಾರೂ ಇಷ್ಟು ದಿನ ಕೇಳಿಲ್ರಿ ಸಾರ್. ಬೇಕಂದ್ರ ತಗೋರಿ, ಬ್ಯಾಡಂದ್ರ ಗಿರಾಕಿಗೆ ದಾರಿ ಬಿಡ್ರಿ."

ಆ ದಿನ ನಾನು ಮನೆಯಲ್ಲಿ ಸರಿಯಾಗಿ ಉಣ್ಣಲಿಲ್ಲ. ಹೆಂಡತಿ ಎಲ್ಲ ಕೇಳಿ, "ಹೋಗಿ ಸೀದಾ ಹೇಳ್ರಿ. ಹೋಗೋಕಿಂತ ಮುಂಚೆ ಗೊತ್ತಾದ್ರ ಆಕಿ ಏನರ ಪರಿಹಾರ ಮಾಡ್ಕೊಂತಾಳ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ್ರ ಅದು ನಿಮ್ಮ ಪಾಪ" ಎಂದಳು. ಬಾಯಿ ಮುಚ್ಚಿಕೊಳ್ಳುವುದು ಪಾಪ ಎಂದು ಅವಳು ನನಗೆ ಹೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು.

ಭಾನುವಾರ ಒಂದು ಡಜನ್ ಬಾಳೆಹಣ್ಣು ಕಟ್ಟಿಸಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಬಾಳೆಹಣ್ಣಿನ ಮೇಲೆ ಯಾವ ಕೊಟ್ರೇಶನಿಗೂ ಇನ್ನೂ ಸಂದೇಶ ಬಂದಿರಲಿಲ್ಲ. ಕಿಟಕಿಯಾಚೆ ಭತ್ತದ ಗದ್ದೆ ಹಸಿರಾಗಿ ಓಡುತ್ತಿತ್ತು, ನಾನು ಮಾತ್ರ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. 'ಅಮ್ಮಿ, ಒಂದು ತಪ್ಪಾಗೇತಿ' ಎಂದು ಶುರುಮಾಡಬೇಕೋ, 'ಅಮ್ಮಿ, ಮೊದಲು ಕೂತ್ಕೋರಿ' ಎಂದು ಶುರುಮಾಡಬೇಕೋ ತಿಳಿಯಲಿಲ್ಲ.

ಮನೆ ತುಂಬ ಜನ. ಅಮ್ಮಿ ಬಿಳಿ ದುಪಟ್ಟಾ ಹೊದ್ದು ಮಂಚದ ಮೇಲೆ ಕೂತಿದ್ದರು. ನನ್ನನ್ನು ಕಂಡದ್ದೇ ತಡ, ಟೀಪಾಯಿ ಮೇಲಿನ ಬಂಗಾರದ ಡಬ್ಬಿ ಸೊಸೆ ಶಬಾನಾ ಕೈಯಲ್ಲಿ ಒಳಗೆ ಹೋಯಿತು. ಇಷ್ಟೆಲ್ಲ ಸಂಕಟದ ನಡುವೆಯೂ ನನ್ನ ಕಣ್ಣು ಅದರ ಹಿಂದೆಯೇ ಹೋಯಿತು ಎಂದರೆ ನನ್ನ ಯೋಗ್ಯತೆ ನೀವೇ ಅಳೆಯಿರಿ.

ಅಮ್ಮಿ ನನ್ನ ಎರಡೂ ಕೈ ಹಿಡಿದುಕೊಂಡರು. "ಬಾ ಸ್ವಾಮಿ, ನಿನ್ನ ಹಾದಿನೇ ಕಾಯಾಕತ್ತಿದ್ದೆ. ಎಲ್ಲಿ, ನನ್ನ ಜೆಲ್ಲಿ ತಂದಿಲ್ಲೇನು ಇವತ್ತು?"

ಜೋಡಿಸಿದ ಮಾತೆಲ್ಲ ಕಲಸಿಹೋಯಿತು. "ಇಲ್ಲ ಅಮ್ಮಿ. ಇನ್ನ ತರಂಗಿಲ್ಲ. ನಾನು ನಿಮಗ ದೊಡ್ಡ ಅನ್ಯಾಯ ಮಾಡೀನಿ. ಅದರಾಗ ಹಂದಿ ಕೊಬ್ಬು ಐತಂತ. ರಸೂಲ್ ಸಾರ್‌ಗೆ ಕೊಟ್ಟ ಗಮ್ಮಿನಾಗೂ ಐತಂತ. ನನಗ ಗೊತ್ತಿರಲಿಲ್ಲ, ಆಣಿ ಮಾಡ್ತೀನಿ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಯಾರದೋ ಚಹಾದ ಕಪ್ಪು ಬಸಿಯ ಮೇಲೆ ಟಣ್ ಎಂದಿತು. ನನ್ನ ಕಣ್ಣಲ್ಲಿ ನೀರೇ ಬಂದಿತ್ತು.

ಮೊದಲು ನಕ್ಕವರು ರಸೂಲ್ ಸಾರ್. "ಏನ್ ಸ್ವಾಮೇರ ನೀವು! ನೀವು ಮೊದಲನೇ ದಿನ ಕೊಟ್ಟ ಗಮ್ಮು ನಾನು ತಿಂದೇ ಇಲ್ರಿ. ಜೇಬಿನಾಗ ಹಾಕ್ಕೊಂಡು ತಂದು ಈಕಿಗೆ ತೋರಿಸ್ದೆ. ಈಕಿ ಎಲ್ಲಾ ನೋಡಿ ಹೂಂ ಅಂದ ಮ್ಯಾಲೆ ಎರಡನೇ ದಿನದಿಂದ ಅಗಿಯಾಕ ಹತ್ತಿದ್ದು."

ಈಕಿ ಎಂದರೆ ಅವರ ಹೆಂಡತಿ ಶಬಾನಾ. ಊರಿನ ಒಂದು ಮೆಡಿಕಲ್ ಅಂಗಡಿಯಲ್ಲಿ ಫಾರ್ಮಸಿಸ್ಟು. ಪಾಕೀಟಿನ ಹಿಂದಿನ ಸಣ್ಣ ಅಕ್ಷರ ಓದುವುದು ಅವಳಿಗೆ ದಿನದ ಕೆಲಸ. "ಅಣ್ಣ, ಆ ಗಮ್ಮಿನ ದೊಡ್ಡ ಪಾಕೀಟು ತರಿಸಿ ನೋಡೀನಿ. ಹಸಿರು ಚುಕ್ಕಿ ಐತಿ. ಸಂಶಯ ಬ್ಯಾಡಂತ ಕಂಪನಿಗೂ ಬರದು ಕೇಳಿದ್ದೆ, ಎಲ್ಲಾ ಗಿಡದ್ದು ಅಂತ ಜವಾಬು ಬಂತು. ಮಸೀದಿ ಹಜ್ರತ್ತರಿಗೂ ತೋರಿಸಿದ್ವಿ. ಅಮ್ಮಿ ಜೆಲ್ಲಿನೂ ಹಂಗೇ, ಹಣ್ಣಿನಿಂದ ತಗದ ಪೆಕ್ಟಿನ್ ಹಾಕಿರ್ತಾರ. ನೀವು ತಂದ ಒಂದೊಂದು ಪಾಕೀಟೂ ನಾನು ಓದೇ ಅವರ ಕೈಗೆ ಕೊಡೋದು. ಒಂದು ಸಲ ಮಾತ್ರ ಕೊಡಲಿಲ್ಲ ನೋಡ್ರಿ. ಹೋದ ವರ್ಷ ಬೆಳ್ಳಗ ಹತ್ತಿ ಉಂಡಿಯಂಥಾದ್ದು ತಂದಿದ್ರಲ್ಲ, ಅದಕ್ಕ ಕಂದು ಗುರುತು ಇತ್ತು. ಜೆಲಟಿನ್ನು, ಎಲುಬು ಚರ್ಮ ಕುದಿಸಿ ತಗಿಯೋ ಅಂಟು. ಯಾವ ಪ್ರಾಣಿದಂತ ಬರದಿರಲಿಲ್ಲ. ಅದನ್ನ ಹೊರಗ ಹಾಕಿದೆ."

ಎದೆಯ ಮೇಲಿನ ಬಂಡೆ ಇಳಿದು, ಅಬ್ಬಾ, ನಾನು ಉಸ್ಸೆಂದು ಉಸಿರು ಬಿಟ್ಟೆ. ಅಮ್ಮಿಯ ಹೊಟ್ಟೆ ಶುದ್ಧವಾಗಿತ್ತು, ಯಾತ್ರೆಗೆ ಏನೂ ಕುಂದಿಲ್ಲ. ಅರ್ಧ ಉಸಿರು ಬಿಡುವಷ್ಟರಲ್ಲಿ ನೆನಪಾಯಿತು. ಆ ಹತ್ತಿ ಉಂಡೆಯ ಪಾಕೀಟು ಒಡೆದದ್ದು ಯಾರು? ಬಸ್ಸಿನಲ್ಲಿ ತೆಕ್ಕಲಕೋಟೆ ಬರುವಷ್ಟರಲ್ಲಿ ನಾಲ್ಕು ಮುಗಿಸಿ, ಮೇಲಿಂದ ಇನ್ನೆರಡು ತಿಂದು, ಉಳಿದದ್ದನ್ನು ರಬ್ಬರ್ ಬ್ಯಾಂಡ್ ಹಾಕಿ ಉಡುಗೊರೆ ಕೊಟ್ಟವನು ಯಾರು? ಬಾಯಿ ತೆರೆಯಲಿಲ್ಲ. ಆ ಮನೆಯಲ್ಲಿ ಆಚಾರ ಕೆಟ್ಟವನು ಒಬ್ಬನೇ ಒಬ್ಬ ಇದ್ದ, ಅವನ ಕೈಯನ್ನು ಅಮ್ಮಿ ಹಿಡಿದುಕೊಂಡಿದ್ದರು.

"ನಿಂದು ಹೇಳಿದಿ. ಇನ್ನ ನಂದು ಕೇಳು" ಎಂದರು ಅಮ್ಮಿ. "ನೀನು ನನ್ನ ಮಾಫ್ ಮಾಡಬೇಕು, ಸ್ವಾಮಿ. ನೀನು ಬಂದಾಗೆಲ್ಲ ಆ ಸೌದಿ ಡಬ್ಬಿ ಒಳಗ ಇಡಸ್ತೀನಿ. ನಿನ್ನ ಕಣ್ಣು ಅದರ ಹಿಂದೇ ಹೋಗೋದು ನಾನು ನೋಡೀನಪ್ಪ. ಈ ಮುದುಕಿಗೆ ಮನಸ್ಸಿಲ್ಲ ಅಂತ ಬ್ಯಾಸರ ಮಾಡ್ಕೊಂಡಿರ್ತಿ, ಹೌದಲ್ಲೋ?"

"ಛೇ ಛೇ, ಇಲ್ಲಮ್ಮಿ" ಎಂದೆ. ಪವಿತ್ರ ಯಾತ್ರೆಗೆ ಹೊರಟವರ ಮುಂದೆ ಹೇಳಿದ ಈ ಸುಳ್ಳಿಗೆ ಯಾವ ಪರಿಹಾರವಿದೆಯೋ ಗೊತ್ತಿಲ್ಲ.

"ಅದರ ಮ್ಯಾಲ ಹಲಾಲ್ ಅಂತ ಬರದೈತಿ. ಆದ್ರ ಅದರಾಗಿನ ಜೆಲಟಿನ್ನು ದನದ್ದು. ನಮಗ ನಡೀತೈತಿ, ನಿನಗ ನಡ್ಯಂಗಿಲ್ಲ. ಶಬಾನಾ ಓದಿ ಹೇಳಿದ ದಿನಾನೇ ನಾನಂದೆ, ನಮ್ಮ ಸ್ವಾಮಿ ಗಡಬಡಿ ಮನಷಾ, ಮುಂದ ಇದ್ರ ಕೇಳದ ಬಾಯಿಗೆ ಹಾಕ್ಕೊಂತಾನ, ಕಣ್ಣಿಗೆ ಬೀಳದಂಗ ಇಡವ್ವ ಅಂತ. ಕೊರಳಾಗ ಲಿಂಗ ಐತಿ, ನಮ್ಮ ಮನ್ಯಾಗ ಅದಕ್ಕ ಮೋಸ ಆಗಬಾರ್ದಲ್ಲ. ನಿನ್ನ ಮುಂದ ಹೇಳಿದ್ರ ಎಲ್ಲಿ ನಮ್ಮನಿ ಚಹಾನೂ ಬಿಡ್ತಿಯೋ ಅಂತ ಅಂಜಿಕಿ. ಮಾಫ್ ಮಾಡ್ತಿಯಲ್ಲ?"

ಅವರ ಪಾದ ಮುಟ್ಟಲು ಹೋದರೆ "ಹೇ, ಬ್ಯಾಡ ಬ್ಯಾಡ" ಎಂದು ತಲೆಯ ಮೇಲೆ ಕೈಯಿಟ್ಟರು. ಅವರ ಧರ್ಮವನ್ನು ನಾನು ಚಿಂತಿಸಿದ್ದು ಶುಕ್ರವಾರದಿಂದ ಭಾನುವಾರದವರೆಗೆ, ಅದೂ ಕೊಟ್ರೇಶರ ಕೃಪೆಯಿಂದ. ನನ್ನ ಧರ್ಮವನ್ನು ಅವರು ವರ್ಷಗಟ್ಟಲೆ ಕಾದಿದ್ದರು, ಅದೂ ನನ್ನಿಂದಲೇ ಜಿಪುಣಿ ಅನ್ನಿಸಿಕೊಂಡು. ಆ ದಿನ ನನ್ನ ಹೊಸ ಪಾತ್ರೆಯಲ್ಲಿ ಬೇಯಿಸಿದ, ಮಾಂಸವಿಲ್ಲದ ಕುಷ್ಕಾ ಅನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡೆ. ಹೊಟ್ಟೆ ಅಷ್ಟು ಹಗುರಾಗಿತ್ತು.

ಉಮ್ರಾ ಮುಗಿಸಿ ಬಂದ ಮೇಲೆ ಅಮ್ಮಿ ರಸೂಲ್ ಸಾರ್ ಕೈಯಲ್ಲಿ ಶಾಲೆಗೇ ಒಂದು ಚೀಲ ಕಳಿಸಿದರು. ತೆಗೆದು ನೋಡಿದರೆ ಅದೇ ಬಂಗಾರದ ಬಣ್ಣದ ಡಬ್ಬಿ! ತೊಳೆದು, ಒರೆಸಿ, ಬಾಯಿಯವರೆಗೂ ಮದೀನಾದ ಖರ್ಜೂರ ತುಂಬಿದ್ದರು. "ಇದಕ್ಕ ಚುಕ್ಕಿ ಗಿಕ್ಕಿ ನೋಡಬ್ಯಾಡ, ಗಿಡದ ಮ್ಯಾಲ ಬೆಳೆದದ್ದು, ಕಣ್ಣು ಮುಚ್ಚಿ ತಿನ್ನು ಅಂತ ಹೇಳ್ಯಾರ" ಎಂದರು ರಸೂಲ್ ಸಾರ್. ಕೊಟ್ರೇಶ ಒಂದು ಖರ್ಜೂರ ಕೇಳಿದರು. ಇದರ ಮೇಲೂ ನಿಮಗೊಂದು ಸಂದೇಶ ಬರಲಿ, ನೋಡಿ ಕೊಡುತ್ತೇನೆ ಎಂದೆ.

ಆ ಡಬ್ಬಿ ಈಗ ನಮ್ಮ ಮನೆಯ ಟೀಪಾಯಿ ಮೇಲಿದೆ. ಬಾಗಿಲಲ್ಲಿ ಯಾರದಾದರೂ ಚಪ್ಪಲಿ ಸದ್ದಾದರೆ ಸಾಕು, ನಾನು ಎದ್ದು ಅದನ್ನು ಒಳಕೋಣೆಯಲ್ಲಿಟ್ಟು ಬಂದು ಕೂರುತ್ತೇನೆ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಾಳೆ. ಬಂದವರ ಆಚಾರ ಕಾಪಾಡುವುದಕ್ಕೆ ಎಂದು ಅವಳ ಮುಂದೆ ಹೇಳುವ ಹಾಗೂ ಇಲ್ಲ. ಖರ್ಜೂರ ಎಲ್ಲರಿಗೂ ನಡೆಯುತ್ತದೆ.