ಗಾಜಿನ ಹೆಂಚಿನ ಬಿಸಿಲು

ಎಲ್ಲ ಶುರುವಾದದ್ದು ಸೂಜಿಯ ಕಣ್ಣಿನಿಂದ.

ಬೆಳಿಗ್ಗೆ ಹನ್ನೊಂದರ ಹೊತ್ತು. ದರ್ಜಿ ಹೆಡ್‌ಮೇಷ್ಟ್ರ ಕೋಟಿಗೆ ಕೊನೆಯ ಗುಂಡಿ ಹಾಕಲು ಕೂತಿದ್ದ. ಸಂಜೆ ನಾಲ್ಕಕ್ಕೆ ಶಾಲೆಯಲ್ಲಿ ಮೇಷ್ಟ್ರಿಗೆ ಬೀಳ್ಕೊಡುಗೆ. ಮೂರೂವರೆಗೆಲ್ಲ ಕೋಟು ಅವರ ಮೈಮೇಲಿರಬೇಕು. ಬಾಗಿಲಿನಿಂದ ನುಗ್ಗಿದ ಬಿಸಿಲು ಹೊಲಿಗೆ ಯಂತ್ರದ ಚಕ್ರಕ್ಕೆ ಬಡಿದು ನೇರ ಅವನ ಕಣ್ಣಿಗೆ ರಾಚುತ್ತಿತ್ತು. ದಾರದ ತುದಿಯನ್ನು ಎಂಜಲಲ್ಲಿ ನೆನೆಸಿ ನಾಲ್ಕು ಸಲ ಪೋಣಿಸಲು ನೋಡಿದ. ನಾಲ್ಕು ಸಲವೂ ದಾರವು ಮುನಿಸಿಕೊಂಡ ನೆಂಟನಂತೆ ಸೂಜಿಯ ಪಕ್ಕದಲ್ಲೇ ಹಾದುಹೋಯಿತು.

"ಹಾಳು ಬಿಸಿಲು! ನಾವು ಚಿಕ್ಕವರಾಗಿದ್ದಾಗ ಹೀಗಿರಲಿಲ್ಲ," ಎಂದು ಗೊಣಗಿದ.

ಗೊಣಗಿದ್ದೇ ತಪ್ಪಾಯಿತು. ಎದುರಿನ ಕ್ಷೌರದಂಗಡಿಯವನ ಕಿವಿಗೆ ಬೀದಿಯ ಅಗಲ ಲೆಕ್ಕಕ್ಕೇ ಇರಲಿಲ್ಲ.

"ಬಿಸಿಲು ಅದೇ ಕಣೋ! ಆಗ ನಿನ್ನ ತಲೆ ಮೇಲೆ ಕೂದಲಿತ್ತು. ಈಗ ನೇರ ಬುರುಡೆಗೇ ಬಡಿಯುತ್ತೆ. ನನ್ನ ಕುರ್ಚಿ ಮೇಲೆ ನೀನು ಕೂತು ಎಷ್ಟು ವರ್ಷ ಆಯ್ತು, ಹೇಳು ನೋಡೋಣ?"

ಆ ಹೊತ್ತಿಗೆ ಕುರ್ಚಿಯ ಮೇಲೆ ಮುಖದ ತುಂಬ ಸೋಪು ಬಳಿಸಿಕೊಂಡು ಕೂತಿದ್ದವರು ಹೆಡ್‌ಮೇಷ್ಟ್ರೇ. ಅವರು ನೊರೆಯೊಳಗಿಂದ ತೀರ್ಪು ಕೊಟ್ಟರು. "ಸೂರ್ಯ ಬದಲಾಗಿಲ್ಲ. ಬದಲಾಗಿರೋದು ನಿನ್ನ ನೆನಪು. ಮೊದಲು ಗುಂಡಿ ಹಾಕಯ್ಯ."

"ನೆನಪಲ್ಲ ಮೇಷ್ಟ್ರೇ. ನಮ್ಮ ಹಳೇ ಮನೆ ಅಡುಗೆಮನೇಲಿ ಗಾಜಿನ ಹೆಂಚಿತ್ತಲ್ಲ, ಅದರಿಂದ ಬೀಳ್ತಿದ್ದ ಬಿಸಿಲು ಜೇನಿನ ಬಣ್ಣ. ಎಷ್ಟು ಹೊತ್ತು ನೋಡಿದ್ರೂ ಕಣ್ಣು ಚುಚ್ತಾ ಇರಲಿಲ್ಲ."

"ಜೇನಿನ ಬಣ್ಣ! ರುಚಿ ಹೇಗಿತ್ತೋ?" ಎಂದು ಕ್ಷೌರಿಕ ನಕ್ಕ. ಆಮೇಲೆ ಕತ್ತಿಯನ್ನು ಪಟ್ಟಿಗೆ ಮಸೆಯುತ್ತ, "ಅಂದ ಹಾಗೆ, ಇವತ್ತು ಆ ಮನೆ ಹೆಂಚು ಇಳಿಸ್ತಾ ಇದ್ದಾರೆ. ತಾರಸಿ ಹಾಕ್ತಾರಂತೆ. ನಿನ್ನ ಜೇನೆಲ್ಲ ಸಂಜೆಗೆ ಕಸದ ಗುಂಡಿಗೆ. ಬೇಕಿದ್ರೆ ಓಡಿ ಹೋಗಿ ತಂದು ತೋರಿಸು. ಬಿಸಿಲು ಮೆತ್ತಗಿತ್ತು ಅಂತ ನಾನೇ ಒಪ್ಕೋತೀನಿ," ಎಂದ.

ದರ್ಜಿಯ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು.

ತಾಯಿ ಹೋದ ಮೇಲೆ ಆ ಮನೆ ಕೈಬದಲಾಗಿ, ಈಗ ಕಾಳಿನ ಅಂಗಡಿಯವನದಾಗಿತ್ತು. ಅದರ ಮುಂದೆ ಹಾದುಹೋಗುವಾಗಲೆಲ್ಲ ದರ್ಜಿ ಹೆಂಚಿನ ಮಾಡನ್ನೊಮ್ಮೆ ನೋಡಿ ಮುಂದೆ ಸಾಗುತ್ತಿದ್ದ. ಒಲೆಯ ನೇರಕ್ಕಿದ್ದ ಆ ಒಂದೇ ಒಂದು ಗಾಜಿನ ಹೆಂಚಿನಿಂದ ನೆಲದ ಮೇಲೆ ಚೌಕದ ಬಿಸಿಲು ಬೀಳುತ್ತಿತ್ತು. ಚಿಕ್ಕ ಹುಡುಗನಾಗಿದ್ದ ಅವನು ಬೆಕ್ಕಿನ ಹಾಗೆ ಅದರಲ್ಲಿ ಮಲಗುತ್ತಿದ್ದ. ತಾಯಿಗೆ ಆ ಬಿಸಿಲೇ ಗಡಿಯಾರ. ಅದು ಕಾಳಿನ ಡಬ್ಬ ಮುಟ್ಟಿದರೆ ಅಪ್ಪನಿಗೆ ಬುತ್ತಿ, ಹೊಸ್ತಿಲು ಮುಟ್ಟಿದರೆ ಎಮ್ಮೆಗೆ ನೀರು. ಹಸಿ ಸೌದೆ ಊದಿ ಊದಿ ಕೆಂಪಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, ಕಾಲಿನಿಂದ ಅವನನ್ನು ಮೆಲ್ಲಗೆ ನೂಕಿ, "ಬಿಸಿಲು ಮುಂದೆ ಹೋಯ್ತು, ನೀನೂ ಸರಿ," ಎನ್ನುತ್ತಿದ್ದಳು. ನಿದ್ದೆಗಣ್ಣಲ್ಲೇ ಅವನು ಉರುಳಿ ಮತ್ತೆ ಬಿಸಿಲಿನೊಳಗೆ ಸೇರಿಕೊಳ್ಳುತ್ತಿದ್ದ.

ದರ್ಜಿ ಎದ್ದವನೇ ಓಡಿದ. ಕೋಟು ಕೈಯಲ್ಲೇ ಇತ್ತು. "ಲೋ, ನನ್ನ ಕೋಟು!" ಎಂದು ಮೇಷ್ಟ್ರು ಎದ್ದರೆ, "ಅಲ್ಲಾಡಬೇಡಿ, ಮೂಗು ಹೋಗುತ್ತೆ!" ಎಂದು ಕ್ಷೌರಿಕ ಅವರನ್ನು ಅದುಮಿ ಕೂರಿಸಿದ.

ಹಳೆ ಮನೆಯ ಮುಂದೆ ಹೆಂಚಿನ ರಾಶಿ ಬಿದ್ದಿತ್ತು. ಗಾರೆ ಮೇಸ್ತ್ರಿ ಏಣಿಯ ಮೇಲಿದ್ದ. ಅವನ ಪ್ಯಾಂಟು ಹಿಂದೆ ಒಂದು ಗೇಣು ಹರಿದಿತ್ತು; ಮಾನ ಮುಚ್ಚಲು ಸೊಂಟಕ್ಕೆ ಕಟ್ಟಿಕೊಂಡಿದ್ದ ಟವೆಲು ಗಾಳಿ ಬಂದಾಗಲೆಲ್ಲ ತನ್ನ ಕರ್ತವ್ಯ ಮರೆಯುತ್ತಿತ್ತು.

"ಮೇಸ್ತ್ರೀ, ಆ ಗಾಜಿನ ಹೆಂಚು ಒಡೀಬೇಡಪ್ಪ! ನಂಗೆ ಬೇಕು!"

ಮೇಸ್ತ್ರಿ ಅದನ್ನು ಕಿತ್ತು ತಿರುಗಿಸಿ ನೋಡಿದ. "ಇದಾ? ಬೆಳಕೇ ದಾಟಲ್ವಲ್ಲೋ. ಕಾವಲಿ ಇದ್ದಂಗಿದೆ."

"ಹಂಗೇ ಇರಲಿ, ಕೊಡು."

ಮೇಸ್ತ್ರಿ ಕೆಳಗೆ ನೋಡಿದ. ದರ್ಜಿಯ ಕಾಲರಿನಲ್ಲಿ ಸಿಕ್ಕಿಸಿದ್ದ ಸೂಜಿ-ದಾರ ಅವನಿಗೆ ಕಂಡಿತು. "ಕೊಡ್ತೀನಿ. ಮೊದಲು ನನ್ನ ಪ್ಯಾಂಟು ಹೊಲಿ. ಬೆಳಿಗ್ಗೆಯಿಂದ ಬೀದಿಯ ಹೆಂಗಸರೆಲ್ಲ ತಲೆ ತಗ್ಗಿಸಿ ಓಡಾಡ್ತಾ ಇದ್ದಾರೆ."

"ಇಳಿದು ಬಿಚ್ಚು."

"ಬಿಚ್ಚಿ ಏನು ಉಟ್ಕೊಳ್ಳಲಿ, ನಿನ್ನ ಕೋಟಾ? ನೀನೇ ಹತ್ತು."

ಕೋಟನ್ನು ಹೆಗಲಿಗೇರಿಸಿ ದರ್ಜಿ ಏಣಿ ಹತ್ತಿ, ಮೇಸ್ತ್ರಿಯ ಕೈಯಲ್ಲೇ ದಾರ ಪೋಣಿಸಿಕೊಂಡ. ಎರಡು ಮೆಟ್ಟಿಲು ಕೆಳಗೆ ನಿಂತು, ತನ್ನ ಜೀವಮಾನದಲ್ಲೇ ಅತಿ ಎಚ್ಚರದ ಹೊಲಿಗೆ ಹಾಕಿದ. ಮೇಲೆ ಮೇಸ್ತ್ರಿಯ ಕೈಯಲ್ಲಿ ಗಾಜಿನ ಹೆಂಚು. ಕೆಳಗೆ ದರ್ಜಿಯ ಕೈಯಲ್ಲಿ ಸೂಜಿ. ನಡುವೆ ಮೇಸ್ತ್ರಿಯ ದೇಹದ ಅತಿ ಮೆತ್ತನೆಯ ಭಾಗ.

"ಚುಚ್ಚಿದ್ಯೋ, ಹೆಂಚು ಬಿಟ್ಟುಬಿಡ್ತೀನಿ ನೋಡು!"

"ಉಸಿರು ಬಿಗಿಹಿಡಿ, ಇನ್ನು ನಾಲ್ಕೇ ಹೊಲಿಗೆ," ಎಂದ ದರ್ಜಿಯೂ ಉಸಿರು ಬಿಗಿಹಿಡಿದಿದ್ದ.

ಹೆಂಚು ಇಡಿಯಾಗಿ ಕೈಗೆ ಬಂತು. ದರ್ಜಿ ಅದನ್ನು ಸೂರ್ಯನಿಗೆ ಅಡ್ಡ ಹಿಡಿದು, ಕೆಳಗೆ ಅಂಗೈ ಒಡ್ಡಿದ. ಅಂಗೈ ತುಂಬ ಜೇನು ಚೆಲ್ಲಿದ ಹಾಗಾಯಿತು. ಅದೇ ಬಿಸಿಲು. ಐವತ್ತು ವರ್ಷ ಈ ಮಾಡಿನ ಮೇಲೇ ಕಾದು ಕೂತಿತ್ತು. ದಾರಿಯಲ್ಲಿ ಒಡೆದುಬಿಟ್ಟೀತೆಂದು ಹಿಂದುಮುಂದು ಯೋಚಿಸದೆ ಹೆಗಲ ಮೇಲಿದ್ದ ಕೋಟಿನಲ್ಲೇ ಸುತ್ತಿ, ಹಸುಗೂಸನ್ನು ಎತ್ತಿಕೊಂಡಂತೆ ಎದೆಗವಚಿ ನಡೆದ.

ಮನೆಯ ಬಾಗಿಲಿಗೆ ಬಂದ ಮೇಲೆ ಕೋಟಿನ ಕಡೆ ಕಣ್ಣು ಹೋಯಿತು. ಕೆನೆ ಬಣ್ಣದ ಕೋಟಿನ ಮೇಲೆಲ್ಲ ಮಸಿ! ಹೆಂಡತಿಯ ಕೈಗೆ ಗಂಟನ್ನಿಟ್ಟು ಅವಸರದಲ್ಲಿ ಹೇಳಿದ: "ಮೆಲ್ಲಗೆ ಹಿಡ್ಕೊ. ನೋಡು, ಎಷ್ಟು ಮಸಿ ಆಗಿದೆ. ಇದನ್ನ ಚೆನ್ನಾಗಿ ತೊಳೆದುಬಿಡು. ಒಂದು ಚೂರೂ ಉಳೀಬಾರದು, ಗೊತ್ತಾಯ್ತಾ? ಮಾಡಿಗೆ ಹೆಂಚು ಕೂರಿಸೋಕೆ ನಾನು ಏಣಿ ತರ್ತೀನಿ."

"ನೀವು ಹೋಗಿಬನ್ನಿ. ನಾನಿಲ್ವಾ?" ಎಂದಳು ಹೆಂಡತಿ. ಮಸಿಯ ಮೇಲೆ ಅವಳಿಗೆ ಹುಟ್ಟಾ ಹಗೆತನವಿತ್ತು.

ಏಣಿಯಿದ್ದದ್ದು ಬಡಗಿಯ ಮನೆಯಲ್ಲಿ. ಬಡಗಿ ಅದನ್ನು ಕೊಡುವ ಮೊದಲು, ಬಿಸಿಲು ಹಿಂದಿನದೇ, ಈಗಿನ ಮರವೇ ಕಳಪೆ, ಅದಕ್ಕೇ ಬಾಗಿಲುಗಳು ಬಿರುಕು ಬಿಡುತ್ತವೆ ಎಂಬುದನ್ನು ಊರಿನ ಒಂದೊಂದೇ ಬಾಗಿಲಿನ ಉದಾಹರಣೆ ಕೊಟ್ಟು ವಿವರಿಸಿದ. ಏಣಿ ಹೊತ್ತುಕೊಂಡು ದರ್ಜಿ ವಾಪಸು ಬರುವಾಗ ಮೂರು ದಾಟಿತ್ತು. ಅಂಗಳದ ತಂತಿಯ ಮೇಲೆ ಕೋಟು ಹಾಲಿನ ಹಾಗೆ ಬೆಳ್ಳಗೆ ಒಣಗುತ್ತಿತ್ತು. ಪಕ್ಕದಲ್ಲಿ ಹೆಡ್‌ಮೇಷ್ಟ್ರು ಕಾವಲು ನಿಂತಿದ್ದರು.

"ಒಣಗಿದೆಯಯ್ಯ, ನಾನು ಬದುಕಿದೆ. ಈಗಿನ ಬಿಸಿಲಿಗೆ ಇದೊಂದು ಗುಣ," ಎಂದು ಅವರು ಕೋಟು ತೊಟ್ಟುಕೊಂಡರು.

ಒಳಗಿನಿಂದ ಹೆಂಡತಿ ಕೂಗಿದಳು. "ರೀ, ಏಣಿ ಬೇಡ! ಕ್ಷೌರದಂಗಡಿ ಅಣ್ಣ ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತಿ ಹೆಂಚು ಕೂರಿಸಿಯೇ ಬಿಟ್ಟರು. ಕಣ್ಣು ಮುಚ್ಕೊಂಡು ಬನ್ನಿ!"

ದರ್ಜಿ ಏಣಿ ಇಳಿಸಿ ಕಣ್ಣು ಮುಚ್ಚಿಕೊಂಡ. ಹೆಂಡತಿ ಕೈ ಹಿಡಿದು ನಡೆಸಿ ನೆಲದ ಮೇಲೆ ಕೂರಿಸಿದಳು. ಮುಖಕ್ಕೆ ಬಿಸಿಲು ತಾಗಿತು. ಮುಚ್ಚಿದ ರೆಪ್ಪೆಯೊಳಗೆ ಕೆಂಪು ಹರಡಿತು. ಇನ್ನು ಒಂದು ಗಳಿಗೆ ಹೀಗೇ ಕೂತರೆ ಬೆನ್ನಿಗೆ ಆ ಕಾಲು ತಾಗೀತು, 'ನೀನೂ ಸರಿ' ಎಂಬ ದನಿ ಕೇಳೀತು ಎನ್ನಿಸಿ, ಅವನಿಗೆ ಕಣ್ಣು ತೆರೆಯುವ ಮನಸ್ಸೇ ಬರಲಿಲ್ಲ.

"ತೆಗೀರಿ ಈಗ!"

ತೆಗೆದ. ಸುಣ್ಣದ ಗಡಿಗೆ ಒಡೆದು ಮುಖದ ಮೇಲೆ ಸುರಿದ ಹಾಗಾಯಿತು. ನೆಲದ ಮೇಲೆ ಬೆಳ್ಳಗೆ ಉರಿಯುವ ಚೌಕ. ಮೇಲೆ ನೋಡಿದರೆ ಗಾಜಿದೆಯೋ ಇಲ್ಲವೋ ಗೊತ್ತಾಗದಷ್ಟು ಸ್ವಚ್ಛವಾದ ಹೆಂಚು. ಹಾರುವ ಕಾಗೆಯ ಕಾಲೂ ಕಾಣುತ್ತಿತ್ತು.

"ಜೇನಿನ ಬಣ್ಣ... ಎಲ್ಲಿ ಹೋಯ್ತು?"

"ಯಾವ ಜೇನು? ಅದೆಲ್ಲ ಹೊಗೆಯ ಜಿಡ್ಡು ಕಣ್ರೀ! ಪಾಪ, ಅತ್ತೆ ಎಷ್ಟು ವರ್ಷ ಆ ಹಸಿ ಸೌದೆ ಉರಿಸಿದ್ರೋ, ಪದರ ಪದರವಾಗಿ ಕೂತಿತ್ತು. ಬೂದಿ ಹಾಕಿ ಉಜ್ಜಿದೆ, ಸೋಪು ಹಾಕಿ ಉಜ್ಜಿದೆ. ಕೊನೇ ಪದರವಂತೂ ಬಿಡೋದೇ ಇಲ್ಲ ಅಂತ ಕೂತ್ಕೊಳ್ತು. ಆಮೇಲೆ ಅಣ್ಣ ಒಂದು ಬ್ಲೇಡು ಕೊಟ್ಟರು."

"ಹೊಸದು," ಎಂದ ಕ್ಷೌರಿಕ ಹೆಮ್ಮೆಯಿಂದ. "ಗಿರಾಕಿಗೂ ಮುಟ್ಟಿಸದ ಬ್ಲೇಡು."

"ಚೂರೂ ಉಳೀಬಾರದು ಅಂತ ನೀವೇ ಅಲ್ವಾ ಹೇಳಿದ್ದು?"

ತಾನೇ ಹೇಳಿದ್ದು, ನಿಜ. ದರ್ಜಿ ಮತ್ತೊಮ್ಮೆ ಹೆಂಚಿನ ಕಡೆ ನೋಡಿದ. ಐವತ್ತು ವರ್ಷ ಅವನು ಬಿಸಿಲು ಅಂದುಕೊಂಡಿದ್ದದ್ದು ತಾಯಿಯ ಒಲೆಯ ಹೊಗೆ. ಆಗ ಅವನ ಕಣ್ಣಿಗೆ ಚುಚ್ಚದೆ ಇದ್ದದ್ದೆಲ್ಲ ಅವಳ ಕಣ್ಣಿಗೇ ಚುಚ್ಚಿತ್ತು.

ಅಷ್ಟರಲ್ಲಿ ಮೇಷ್ಟ್ರು ಕನ್ನಡಿ ನೋಡಲೆಂದು ಒಳಗೆ ಬಂದು ಬೆನ್ನು ತಿರುಗಿಸಿದರು. ಕೋಟಿನ ಕಾಲರಿನ ಕೆಳಗೆ ಹೆಬ್ಬೆರಳಗಲದ ಒಂದು ಕಲೆ. ಜೇನಿನ ಬಣ್ಣ. ಊರಿನಲ್ಲಿ ಉಳಿದದ್ದು ಅಷ್ಟೇ.

ದರ್ಜಿ ಮೊಣಕಾಲೂರಿ ಎದ್ದ. "ಮೇಷ್ಟ್ರೇ, ಒಂದು ನಿಮಿಷ, ಅಲ್ಲಾಡಬೇಡಿ..." ಎಂದು ಕೈಚಾಚಿದ.

"ಅಯ್ಯೋ, ಇಲ್ಲೊಂದು ಉಳಿದೇಬಿಟ್ಟಿದೆ!" ಎನ್ನುತ್ತ ಹೆಂಡತಿ ಒದ್ದೆ ಬಟ್ಟೆ ತಂದು ಎರಡೇ ಉಜ್ಜಿಗೆ ಒರೆಸಿಬಿಟ್ಟಳು. "ಹಾಂ, ಈಗ ಸರಿಹೋಯ್ತು."

"ಆ ಕೊನೇ ಗುಂಡಿ?" ಎಂದು ಮೇಷ್ಟ್ರು ಕೋಟು ಬಿಚ್ಚಿಕೊಟ್ಟರು.

ದರ್ಜಿ ಆ ಚೌಕದ ಬಿಸಿಲಿನಲ್ಲೇ ಕೂತು ಸೂಜಿ ತೆಗೆದ. ದಾರ ಮೊದಲನೇ ಸಲಕ್ಕೇ ಸೂಜಿಯ ಕಣ್ಣಿನೊಳಗೆ ಹೋಯಿತು. ಆದರೆ ಗುಂಡಿ ಎಲ್ಲಿದೆ ಎಂಬುದು ಅವನಿಗೆ ಕಾಣಲಿಲ್ಲ. ಕಣ್ಣು ತುಂಬಿ ಕೆಂಪಾಗಿತ್ತು. ತೋಳಿನಿಂದ ಒರೆಸಿಕೊಂಡ.

"ಏನಾಯ್ತು ರೀ?"

"ಏನಿಲ್ಲ ಕಣೇ. ಬಿಸಿಲು."

ಕ್ಷೌರಿಕ ಹಣೆಗೆ ಕೈ ಅಡ್ಡ ಹಿಡಿದು ಆ ಉರಿಯುವ ಚೌಕವನ್ನು ನೋಡಿದ, ದರ್ಜಿಯ ಕಣ್ಣನ್ನೂ ನೋಡಿದ. ಅವನು ಆಡಿದ ಮಾತಿಗೆ ತಪ್ಪುವ ಮನುಷ್ಯನಲ್ಲ.

"ಒಪ್ಪಿದೆ ಕಣಯ್ಯ," ಎಂದ. "ಈಗಿನ ಬಿಸಿಲೇ ಜೋರು."